ವಾಪಸಪ್ಪನ ಹೊಸ ರೆಕಾರ್ಡ್

ನಮ್ಮ ದೊಡ್ಡಪ್ಪನಿಗೆ ಕಾರ್ಖಾನೆಯವರು ಇಟ್ಟ ಹೆಸರು ವಾಪಸಪ್ಪ. ಅದು ಬೇರಿಂಗ್ ಮಾಡುವ ಕಾರ್ಖಾನೆ. ಫ್ಯಾನಿನಿಂದ ಹಿಡಿದು ಲಾರಿಯ ಗಾಲಿಯವರೆಗೆ, ತಿರುಗುವುದೆಲ್ಲದರ ಹೊಟ್ಟೆಯೊಳಗೂ ಒಂದು ಬೇರಿಂಗ್ ಇರುತ್ತದೆ. ಅದು ಸದ್ದಿಲ್ಲದೆ ತಿರುಗಬೇಕು. ಮಾಲು ಹೊರಗೆ ಹೋಗುವ ಮೊದಲು ಕೊನೆಯ ಬೆಂಚಿನಲ್ಲಿ ಕೂತು ಒಂದೊಂದನ್ನೂ ತಿರುಗಿಸಿ, ಕೇಳಿ, ‘ಸರಿ’ ಅಥವಾ ‘ವಾಪಸ್’ ಎಂದು ಹೇಳುವುದು ಮೂವತ್ತೊಂದು ವರ್ಷ ದೊಡ್ಡಪ್ಪನ ಕೆಲಸವಾಗಿತ್ತು. ಕೇಳುವುದಕ್ಕೆ ಅವರ ಹತ್ತಿರ ಒಂದು ಗೇಣುದ್ದದ ಮರದ ಕಡ್ಡಿಯಿತ್ತು. ಅದರ ಒಂದು ತುದಿಯನ್ನು ಬೇರಿಂಗಿಗೆ ತಾಗಿಸಿ ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರೆ, ಒಳಗೆ ಒಂದು ಧೂಳಿನ ಕಣವಿದ್ದರೂ ಗೊತ್ತಾಗುತ್ತದಂತೆ. ನಿವೃತ್ತರಾದ ದಿನ ಜೊತೆಯವರು ಕೈಗಡಿಯಾರ ಕೊಟ್ಟರೆ, ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ ಎಂದು ಅದನ್ನೂ ವಾಪಸ್ ಮಾಡಿದರು ಎನ್ನುವ ಕಥೆಯಿದೆ. ಕೇಳಿದರೆ ದೊಡ್ಡಪ್ಪ ಇಲ್ಲ ಎನ್ನುವುದಿಲ್ಲ. “ಎರಡಲ್ಲ, ಮೂರು” ಎನ್ನುತ್ತಾರೆ.

ನಾನು ಅವರ ತಮ್ಮನ ಮಗಳು. ಮೇಲಿನ ಮಹಡಿಯಲ್ಲಿ ನಾವು, ಕೆಳಗೆ ಅವರು. ನಾನು ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತೇನೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡೂವರೆಯವರೆಗೆ ವ್ಯಾನೂ ಖಾಲಿ, ನಾನೂ ಖಾಲಿ. ಈ ರೆಕಾರ್ಡಿನ ಪೇಚಿಗೆ ನಾನು ಸಿಕ್ಕಿಬಿದ್ದದ್ದು ಹಾಗೆ. ತಾಳ್ಮೆ ಎನ್ನುವುದು ನನಗೆ ಹುಟ್ಟಿನಿಂದಲೇ ಇಲ್ಲ. ಇದ್ದಷ್ಟನ್ನೂ ಮಕ್ಕಳು ವ್ಯಾನಿನಲ್ಲೇ ಮುಗಿಸುತ್ತಾರೆ.

ದೊಡ್ಡಮ್ಮ ಟೈಲರ್. ಮದುವೆಗೆ ಮುಂಚೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ನಾಟಕ ತಂಡದ ಬಟ್ಟೆ ಹೊಲಿಯುತ್ತಿದ್ದಳು. ಆ ನಾಟಕದ ಹಾಡುಗಳನ್ನು ರೆಕಾರ್ಡ್ ಮಾಡುವ ದಿನ ಹಿಮ್ಮೇಳದ ನಾಲ್ಕು ಹುಡುಗಿಯರಲ್ಲಿ ಒಬ್ಬಳಿಗೆ ಜ್ವರ ಬಂತು. ಪರದೆಯ ಹಿಂದೆ ಗುಂಡಿ ಹಚ್ಚುತ್ತ ಹಚ್ಚುತ್ತ ಎಲ್ಲ ಹಾಡೂ ಬಾಯಿಗೆ ಬಂದಿದ್ದ ಇವಳನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದರು. ರೆಕಾರ್ಡಿನ ಹಿಂದಿನ ಬದಿಯ ಕೊನೆಯ ಹಾಡು, ಅದರಲ್ಲಿ ಹಿಮ್ಮೇಳದ ನಾಲ್ಕು ಸಾಲು. ದೊಡ್ಡಮ್ಮನ ಸಂಗೀತ ಜೀವನ ಅಷ್ಟೇ. ಆಮೇಲೆ ಅವಳು ಹಾಡಿದ್ದು ಹೊಲಿಗೆ ಯಂತ್ರದ ಜೊತೆ ಮಾತ್ರ.

ಆ ರೆಕಾರ್ಡಿನ ಒಂದು ಪ್ರತಿ ಅವಳ ಜೊತೆ ಗಂಡನ ಮನೆಗೆ ಬಂತು, ಆದರೆ ಹಾಕಿ ಕೇಳಲು ಇಲ್ಲಿ ಯಂತ್ರವಿರಲಿಲ್ಲ. ಮನೆ ಬದಲಾಯಿಸುವಾಗ ಬಿಸಿಲಿನ ಲಾರಿಯಲ್ಲಿ ಬಿದ್ದು ಅದು ಸ್ವಲ್ಪ ಸೊಟ್ಟಗಾಯಿತು. ಸೊಟ್ಟಗಿರುವುದನ್ನು ನೋಡಿಕೊಂಡು ಸುಮ್ಮನಿರಲು ದೊಡ್ಡಪ್ಪನಿಂದ ಆದೀತೇ? ಮೇಲೊಂದು ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಹದವಾಗಿ ಕಾಯಿಸಿ ಉಜ್ಜಿದರು. ರೆಕಾರ್ಡ್ ನೆಟ್ಟಗಾಯಿತು, ನಿಜ. ಅದರ ಗೆರೆಗಳೆಲ್ಲ ಕರಗಿ ಬಟ್ಟೆಯ ನೇಯ್ಗೆ ಅಚ್ಚೊತ್ತಿತು. “ಹೋಗ್ಲಿ ಬಿಡಿ” ಎಂದಳಂತೆ ದೊಡ್ಡಮ್ಮ. ಮರುವರ್ಷ ರೆಕಾರ್ಡ್ ಪ್ಲೇಯರ್ ಕೊಂಡರು. ಆ ‘ಬಿಡಿ’ ದೊಡ್ಡಪ್ಪನ ಎದೆಯಲ್ಲಿ ಇಷ್ಟು ವರ್ಷ ಚುಚ್ಚುತ್ತಲೇ ಇತ್ತು ಎಂಬುದು ನನಗೆ ತಿಳಿದದ್ದು ಮೊನ್ನೆ ಮೊನ್ನೆ.

ಹೋದ ವರ್ಷ ದೊಡ್ಡಮ್ಮನ ಕಿವಿ ಮಂದವಾಗತೊಡಗಿತು. ಡಾಕ್ಟರಿಗೆ ತೋರಿಸುವ ಹೊತ್ತಿಗೆ ಎಡಗಿವಿ ಆಗಲೇ ಹೋಗಿತ್ತು. ಬಲಗಿವಿ ಇನ್ನೊಂದು ವರ್ಷ ನಡೆದರೆ ಹೆಚ್ಚು, ಆಮೇಲೆ ಯಂತ್ರ ಹಾಕಿಕೊಳ್ಳಬೇಕು, ಅದರಲ್ಲಿ ಮಾತು ಕೇಳುತ್ತದೆ, ಹಾಡು ಮಾತ್ರ ಹಾಡಿನ ಹಾಗೆ ಕೇಳುವುದಿಲ್ಲ ಎಂದರು ಡಾಕ್ಟರು. ವ್ಯಾನಿನಲ್ಲಿ ವಾಪಸ್ ಬರುವಾಗ ದೊಡ್ಡಮ್ಮ ಕಿಟಕಿಯಾಚೆ ನೋಡುತ್ತ, “ಆ ರೆಕಾರ್ಡ್ ಒಂದ್ಸಲ ಕೇಳ್ಬೇಕಿತ್ತು” ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ನಾನು ಆ ರಾತ್ರಿಯೇ ಫೋನಿನಲ್ಲಿ ಹುಡುಕಿದೆ. ಆ ಹಾಡುಗಳು ಎಲ್ಲೂ ಇರಲಿಲ್ಲ.

ಎರಡು ತಿಂಗಳ ಮೇಲೆ ದೊಡ್ಡಪ್ಪ ಪೇಪರಿನ ಒಂದು ಹಾಳೆ ಮಡಚಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಊರ ತುಂಬ ಶಾಖೆಗಳಿರುವ ದೊಡ್ಡ ಅಂಗಡಿಯೊಂದರ ಜಾಹೀರಾತು. ಹಳೆಯ ರೆಕಾರ್ಡುಗಳನ್ನು ಹೊಸದಾಗಿ ಅಚ್ಚು ಹಾಕಿಸಿದ್ದಾರೆ, ನಮ್ಮ ಶಾಖೆಗಳಲ್ಲಿ ಮಾತ್ರ ಸಿಗುತ್ತದೆ ಎಂದಿತ್ತು. ಪಟ್ಟಿಯಲ್ಲಿ ಹದಿನಾಲ್ಕನೆಯದು ದೊಡ್ಡಮ್ಮನ ನಾಟಕ.

“ವ್ಯಾನ್ ತೆಗಿ” ಎಂದರು. “ನಿಮ್ಮ ದೊಡ್ಡಮ್ಮಂಗೆ ಹೇಳ್ಬೇಡ.”

ವಾಷಿಂಗ್ ಮಷೀನಿನಿಂದ ತಲೆದಿಂಬಿನವರೆಗೆ ಎಲ್ಲವನ್ನೂ ಮಾರುವ ಅಂಗಡಿ ಅದು. ರೆಕಾರ್ಡುಗಳನ್ನು ಫೋನಿನ ಕವರುಗಳ ಪಕ್ಕದಲ್ಲಿ, ಅಂದಕ್ಕೆಂದು ಹಾಕಿದ ಬಿಸಿ ದೀಪದ ಕೆಳಗೆ, ಒಂದರ ಮೇಲೊಂದು ಓರೆಯಾಗಿ ಒರಗಿಸಿದ್ದರು. ದೊಡ್ಡಪ್ಪ ಹೋದವರೇ ಎಲ್ಲವನ್ನೂ ನೆಟ್ಟಗೆ ನಿಲ್ಲಿಸತೊಡಗಿದರು.

“ಸರ್, ಜೋಡಿಸಿಟ್ಟಿದ್ದನ್ನ ಮುಟ್ಬೇಡಿ” ಎಂದು ಓಡಿಬಂದ ಅಂಗಡಿಯ ಹುಡುಗ.

“ಜೋಡಿಸಿಟ್ಟಿರೋದಾ ಇದು? ನಾನು ಬಿದ್ದಿದೆ ಅಂದ್ಕೊಂಡೆ.”

ಮನೆಗೆ ತಂದದ್ದು ಬೆಳಿಗ್ಗೆ ಹನ್ನೊಂದೂವರೆಗೆ. ದೊಡ್ಡಮ್ಮ ಹನ್ನೊಂದರಿಂದ ಒಂದರವರೆಗೆ ಪಕ್ಕದ ಬೀದಿಯ ಹೊಲಿಗೆ ತರಗತಿಯಲ್ಲಿ ಪಾಠ ಹೇಳುತ್ತಾಳೆ. ಅದೇ ನಮ್ಮ ಕಳ್ಳ ಹೊತ್ತು. ದೊಡ್ಡಪ್ಪ ಊಟದ ಮೇಜಿನ ಮೇಲೆ ಕಿಟಕಿಯ ಗಾಜೊಂದನ್ನು ಹಾಸಿ, ಅದರ ಮೇಲೆ ರೆಕಾರ್ಡ್ ಮಲಗಿಸಿ, ಕಾರ್ಖಾನೆಯ ಕಾಲದ ತೆಳು ಉಕ್ಕಿನ ಎಲೆಗಳನ್ನು ಅಂಚಿನ ಕೆಳಗೆ ಒಂದೊಂದಾಗಿ ತೂರಿಸಿ ಸಂದು ಅಳೆದರು. ನನಗಂತೂ ಎಲೆ ಬೇಕಿರಲಿಲ್ಲ. ಅಂಚು ಒಂದು ಕಡೆ ದೋಣಿಯ ಮೂತಿಯ ಹಾಗೆ ಮೇಲೆದ್ದದ್ದು ಬಾಗಿಲಿನಿಂದಲೇ ಕಾಣುತ್ತಿತ್ತು.

“ಒಂದ್ಸಲ ಹಾಕಿ ನೋಡೋಣ ದೊಡ್ಡಪ್ಪ.”

“ಅಳತೇಲಿ ಬಿದ್ದ ಮಾಲನ್ನ ಕೇಳೋ ಬೆಂಚಿಗೆ ತರಲ್ಲ” ಎಂದರು. ಮೂವತ್ತೊಂದು ವರ್ಷದ ನಿಯಮ. ಮೊದಲು ಕಣ್ಣು, ಆಮೇಲೆ ಅಳತೆ, ಕೊನೆಗೆ ಕಿವಿ. ಮೊದಲೆರಡರಲ್ಲಿ ಬಿದ್ದದ್ದಕ್ಕೆ ಮೂರನೆಯದರ ಯೋಗವಿಲ್ಲ.

ವಾಪಸ್ ಮಾಡಲು ಹೋದರೆ ಕವರಿನ ಮೇಲೆ ಅಂಟಿಸಿದ್ದ ಕೆಂಪು ಸ್ಟಿಕ್ಕರ್ ತೋರಿಸಿದರು: ‘ಆರಂಭದ ರಿಯಾಯಿತಿ. ಈ ಮಾಲಿಗೆ ವಾಪಸ್ ಇಲ್ಲ.’ ವಾಪಸಪ್ಪನಿಗೇ ವಾಪಸ್ ಇಲ್ಲ! ದೊಡ್ಡಪ್ಪನ ಮುಖ ನೋಡಬೇಕಿತ್ತು. ಅಟ್ಟದ ಮೇಲೆ ಎರಡು ಹಲಗೆಗಳ ನಡುವೆ ಆ ರೆಕಾರ್ಡ್ ಇಟ್ಟು, ಮೇಲೆ ತಮ್ಮ ಹಳೆಯ ಉಪಕರಣದ ಪೆಟ್ಟಿಗೆ ಹೇರಿದರು. ಇಸ್ತ್ರಿ ಪೆಟ್ಟಿಗೆಯ ತಂಟೆಗೆ ಮಾತ್ರ ಹೋಗಲಿಲ್ಲ.

ರಿಯಾಯಿತಿ ಮುಗಿದ ಮೇಲೆ, ವಾಪಸ್ ಮಾಡಬಹುದಾದ ಎರಡನೆಯದನ್ನು ಪೂರ್ತಿ ಬೆಲೆಗೆ ತಂದೆವು. ಕವರಿನ ಮೇಲೆ ನಾಟಕದ ಚಿತ್ರ, ಬಿಗಿಯಾದ ಪ್ಲಾಸ್ಟಿಕ್, ಎಲ್ಲ ಸರಿ. ಅಳತೆಯಲ್ಲೂ ಗೆದ್ದಿತು. ಮುಳ್ಳು ಇಟ್ಟರೆ ಗಂಡಸೊಬ್ಬನ ದನಿ, “ಈಗ ಉಸಿರು ಎಳೆದುಕೊಳ್ಳಿ, ಮಂಡಿ ಬಗ್ಗಿಸಿ” ಎಂದಿತು. ಅದು ವ್ಯಾಯಾಮದ ರೆಕಾರ್ಡ್. ನಾನು ನಕ್ಕು ನಕ್ಕು ನೆಲಕ್ಕೆ ಕೂತೆ. ದೊಡ್ಡಪ್ಪ ನಗಲಿಲ್ಲ. ಎರಡು ಬದಿಯನ್ನೂ ಪೂರ್ತಿ ಕೇಳಿ, “ಇದು ಮಾತ್ರ ಚೆನ್ನಾಗಿ ಅಚ್ಚಾಗಿದೆ” ಎಂದು ಹೊಟ್ಟೆ ಉರಿಸಿಕೊಂಡರು.

ಮೂರನೆಯದರ ನಡುವಿನ ತೂತು ನಡುವಿನಲ್ಲಿರಲಿಲ್ಲ. ಒಂದು ನೂಲಿನಷ್ಟು ಪಕ್ಕಕ್ಕೆ ಸರಿದದ್ದು, ಹಾಕಿ ಕೇಳುವಾಗ ದನಿ ಉಯ್ಯಾಲೆಯಾಡಿದ ಮೇಲೆ ಗೊತ್ತಾಯಿತು. ಅಂಗಡಿಯ ವಾಪಸ್ ಕೌಂಟರಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಕೂತಿರುತ್ತಿದ್ದಳು.

“ಏನಾಗಿದೆ ಸರ್, ಓಡಲ್ವಾ?”

“ಓಡತ್ತೆ.”

“ಮತ್ತೆ?”

“ಕುಂಟುತ್ತೆ.”

ಆಕೆ ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು, “ನಿಮ್ಮ ಮಷೀನೇ ಸರಿ ಇಲ್ವೇನೋ ಅಂತಾರೆ ಸರ್” ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ! ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಚೀಲದಿಂದ ಒಂದು ಹಾಳೆ ತೆಗೆದು ಕೌಂಟರಿನ ಮೇಲಿಟ್ಟರು. ತೂತಿನಿಂದ ಅಂಚಿಗೆ ಎಂಟು ದಿಕ್ಕಿನಲ್ಲಿ ಅಳೆದು ಬರೆದ ಅಂಕಿಗಳು. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮುದ್ರೆ ಒತ್ತಿದಳು.

ನಾಲ್ಕನೆಯದರ ಮೇಲೆ ಯಾರದೋ ಐದು ಬೆರಳಿನ ಗುರುತು, ಅಡ್ಡಕ್ಕೊಂದು ಗೀರು. ಹೊಚ್ಚ ಹೊಸದು, ಆಗ ತಾನೇ ಪ್ಲಾಸ್ಟಿಕ್ ಹರಿದದ್ದು. ಅಷ್ಟು ಹೊತ್ತಿಗೆ ನನಗೂ ರೇಗಿ ಹೋಗಿತ್ತು. ಕಾಸು ಕೊಟ್ಟು ತಂದದ್ದನ್ನು ವಾರಕ್ಕೊಮ್ಮೆ ಹೊತ್ತುಕೊಂಡು ಹೋಗಿ, ಚೀಟಿ ಹಿಡಿದು, ಸಾಲಿನಲ್ಲಿ ಕೂತು, ನಾವೇ ಏನೋ ತಪ್ಪು ಮಾಡಿದವರ ಹಾಗೆ ಬಾಯಿಬಾಯಿ ಬಿಡಬೇಕು. ಅಂಗಡಿ ಇಷ್ಟು ದೊಡ್ಡದು, ಕಣ್ಣಿಟ್ಟು ನೋಡುವವನು ಒಬ್ಬನೂ ಇಲ್ಲ. ಬೈಯೋಣವೆಂದರೆ ಎದುರಿಗೆ ಸಿಗುವುದು ಆ ಕನ್ನಡಕದ ಹೆಂಗಸು, ಪಾಪ. ಅವಳೇನು ಅಚ್ಚು ಹಾಕಿದಳೇ?

ಐದನೆಯದು ಬಂಗಾರದಂತಿತ್ತು. ಮಟ್ಟಸ, ನಡುವಿಗೆ ತೂತು, ಒಂದು ಗೀರಿಲ್ಲ. ಮೊದಲ ಬದಿ ಮುಗಿಯಿತು, ಎರಡನೆಯ ಬದಿಯೂ ಮುಗಿಯುತ್ತ ಬಂತು. ಕೊನೆಯ ಹಾಡು. ನಾಯಕಿ ಒಂದು ಸಾಲು ಹಾಡಿ ನಿಲ್ಲಿಸಿದಳು, ಹಿಮ್ಮೇಳ ಶುರುವಾಗುವ ಕ್ಷಣ, ‘ಟಕ್’. ಯಾರೋ ಬಾಗಿಲಿಗೆ ಒಂದೇ ಸಲ ಬೆರಳಿನಿಂದ ಬಡಿದ ಹಾಗೆ. ಆಮೇಲೆ ನಾಲ್ಕು ಹುಡುಗಿಯರ ದನಿ.

ದೊಡ್ಡಪ್ಪ ಮುಳ್ಳೆತ್ತಿ ಮತ್ತೆ ಇಟ್ಟರು. ಟಕ್. ಮರದ ಕಡ್ಡಿ ತಂದು ಸ್ಪೀಕರಿನ ಪೆಟ್ಟಿಗೆಗೆ ತಾಗಿಸಿ ಕೇಳಿದರು. ಟಕ್.

“ಚೆನ್ನಾಗೇ ಇದೆಯಲ್ಲ ದೊಡ್ಡಪ್ಪ! ಒಂದು ಟಕ್‌ಗೆ ಯಾರು ಸಾಯ್ತಾರೆ?”

“ಬೇರೆ ಎಲ್ಲಾದ್ರೂ ಆಗಿದ್ರೆ ಬಿಡ್ತಿದ್ದೆ. ಸರಿಯಾಗಿ ಅವಳ ಸಾಲಿನ ಬಾಯಲ್ಲೇ ಕೂತಿದೆ ನೋಡು.” ರೆಕಾರ್ಡನ್ನು ಕವರಿನೊಳಗೆ ಇಳಿಸಿದರು. “ಅವಳ ಹಳೇದನ್ನ ಸುಟ್ಟವನು ನಾನು. ಹೊಸದನ್ನೂ ಹಾಳಾಗಿರೋದೇ ತಂದು ಯಾವ ಮುಖ ಇಟ್ಕೊಂಡು ಕೊಡ್ಲಿ?”

ಆರನೆಯದರಲ್ಲೂ ಅದೇ ಜಾಗದಲ್ಲಿ ಟಕ್. ಏಳನೆಯದರಲ್ಲೂ. ಆಗ ದೊಡ್ಡಪ್ಪ ಸೋತಂತೆ ಕಾಣಲಿಲ್ಲ, ಬದಲಿಗೆ ಕಣ್ಣು ಹೊಳೆಯಿತು. “ಒಂದೇ ಜಾಗದಲ್ಲಿ ಒಂದೇ ಸದ್ದು ಬಂದ್ರೆ ತಪ್ಪು ಮಾಲಿಂದಲ್ಲ ಕಣೇ, ಅಚ್ಚಿಂದು. ಅಚ್ಚಿನಲ್ಲೇ ಗಂಟಿದೆ.” ಅಚ್ಚು ಹಾಕಿದ ಕಂಪನಿಗೆ ಮೂರು ಪುಟದ ಪತ್ರ ಬರೆದರು. ಉತ್ತರ ಬರಲಿಲ್ಲ. ಬೇರೆ ಅಚ್ಚಿನದು ಇರಬಹುದೆಂದು ಊರಿನ ಇನ್ನೊಂದು ತುದಿಯ ಶಾಖೆಗೆ ಹೋಗಿ ಎಂಟನೆಯದನ್ನು ತಂದೆವು. ಟಕ್.

ಈ ನಡುವೆ ದೊಡ್ಡಮ್ಮನಿಗೆ ಒಲೆಯ ಮೇಲೆ ನೀರು ಮರಳುವುದು ಕೇಳುತ್ತಿರಲಿಲ್ಲ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಹೊಲಿಗೆ ಯಂತ್ರದ ದಾರ ತುಂಡಾದದ್ದು ಸದ್ದಿನಿಂದ ಗೊತ್ತಾಗುತ್ತಿದ್ದವಳು ಈಗ ಬಟ್ಟೆ ಎತ್ತಿ ನೋಡಿದ ಮೇಲೆ ತಿಳಿದುಕೊಳ್ಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ವ್ಯಾನಿನಲ್ಲಿ ದೊಡ್ಡಪ್ಪನ ಮೇಲೆ ಹರಿಹಾಯ್ದೆ.

“ಮೊಸರಲ್ಲಿ ಕಲ್ಲು ಹುಡುಕ್ತಾ ಇರಿ ನೀವು. ನಿಮ್ಮ ಮಾಲು ಸರಿ ಅನ್ನಿಸ್ಕೊಳ್ಳೋ ಹೊತ್ತಿಗೆ ಅವಳಿಗೆ ಕೇಳಿಸೋದೇ ನಿಂತಿರತ್ತೆ!”

ದೊಡ್ಡಪ್ಪ ತೊಡೆಯ ಮೇಲಿದ್ದ ಎಂಟನೆಯ ರೆಕಾರ್ಡಿನ ಅಂಚನ್ನು ಸವರುತ್ತ ಕೂತರು. ನಾನು ಹಾಗೆ ಅನ್ನಬಾರದಿತ್ತು. ಆದರೆ ಅಂದದ್ದು ಸುಳ್ಳಾಗಿರಲಿಲ್ಲ.

ಕನ್ನಡಕದ ಹೆಂಗಸು ಎಂಟನೆಯದನ್ನು ವಾಪಸ್ ತೆಗೆದುಕೊಂಡಳು. ಒಂಬತ್ತನೆಯದು ಕೊಡಿ ಎಂದರೆ ಕಂಪ್ಯೂಟರ್ ನೋಡಿ ತಲೆಯಾಡಿಸಿದಳು.

“ಇನ್ನು ಬರಲ್ಲ ಸರ್. ವಾಪಸ್ ಜಾಸ್ತಿ ಆಗಿದೆ ಅಂತ ಎಲ್ಲಾ ಬ್ರಾಂಚಲ್ಲೂ ನಿಲ್ಲಿಸಿದಾರೆ. ಉಳಿದಿದ್ದನ್ನ ಕಂಪನಿಗೆ ಕಳಿಸಿದ್ದೂ ಆಯ್ತು. ಅಲ್ಲಿ ಕರಗಿಸ್ತಾರಂತೆ.”

“ಎಷ್ಟು ವಾಪಸ್ ಬಂದಿದೆ?” ಎಂದೆ ನಾನು.

“ಏಳು.”

“ಮಾರಿದ್ದು?”

“ಎಲ್ಲಾ ಬ್ರಾಂಚ್ ಸೇರಿ ಒಂಬತ್ತು.”

ಒಂಬತ್ತರಲ್ಲಿ ಎಂಟು ಕೊಂಡವರು ನಾವೇ. ಏಳನ್ನೂ ವಾಪಸ್ ಮಾಡಿದವರೂ ನಾವೇ. ಆ ಒಂಬತ್ತನೆಯ ಪುಣ್ಯಾತ್ಮ ಯಾರೋ, ಟಕ್ ಎಂದದ್ದನ್ನು ಕೇಳಿಯೂ ಸುಮ್ಮನಿದ್ದವನು. ದೊಡ್ಡಪ್ಪ ಕೌಂಟರಿನ ಅಂಚು ಹಿಡಿದು ನಿಂತರು. ಆ ಹೆಂಗಸು ಎದ್ದು ಕುರ್ಚಿ ಕೊಟ್ಟಳು, ಕುಡಿಯಲು ನೀರು ತಂದಳು. “ನಂಗೂ ಬೇಜಾರಾಯ್ತು ಸರ್” ಎಂದಳು. ಅವಳಿಗೆ ನಿಜಕ್ಕೂ ಬೇಜಾರಾಗಿತ್ತು.

ಮನೆಗೆ ಬಂದಾಗ ಒಂದೂಕಾಲು. ದೊಡ್ಡಮ್ಮ ತರಗತಿ ಮುಗಿಸಿ ಬಂದು ಬಾಗಿಲಲ್ಲೇ ನಿಂತಿದ್ದಳು. ದೊಡ್ಡಪ್ಪನ ಮುಖ ನೋಡಿ ಅವಳ ಮುಖದ ರಕ್ತವೇ ಇಳಿದುಹೋಯಿತು.

“ಏನಂದ್ರು ಡಾಕ್ಟ್ರು? ನಂಗೂ ಹೇಳಿ.”

“ಯಾವ ಡಾಕ್ಟ್ರೇ?”

“ಮೂರು ತಿಂಗಳಿಂದ ನೋಡ್ತಾನೇ ಇದೀನಿ. ನಾನು ಅತ್ಲಾಗೆ ಹೋದ ಕೂಡ್ಲೇ ನೀವಿಬ್ರೂ ವ್ಯಾನ್ ಹತ್ತಿ ಹೊರಡ್ತೀರಿ. ಕೇಳಿದ್ರೆ ಏನಿಲ್ಲ ಅಂತೀರಿ. ನಿಮಗೆ ಏನೋ ದೊಡ್ಡ ಕಾಯಿಲೆ, ನನ್ನಿಂದ ಮುಚ್ಚಿಡ್ತಿದೀರಿ ಅಂತ ಎಷ್ಟು ದಿನ ನಿದ್ದೆ ಬಿಟ್ಟಿದೀನಿ ಗೊತ್ತಾ?”

ದೊಡ್ಡಪ್ಪ ಕುರ್ಚಿಯ ಮೇಲೆ ಕುಸಿದರು. ನಾನೇ ಅವಳ ಬಲಗಿವಿಯ ಹತ್ತಿರ ಬಾಗಿ ಎಲ್ಲ ಹೇಳಿದೆ. ರೆಕಾರ್ಡ್ ಹೊಸದಾಗಿ ಬಂದದ್ದು, ಒಂದರಿಂದ ಎಂಟರವರೆಗೆ, ಕರಗಿಸಲು ಕಳಿಸಿದ್ದು. ಅವಳು ಕೇಳಿ ಮುಗಿಸಿ ಗಂಡನ ಕಡೆ ನೋಡಿದಳು. ಬೈಯುತ್ತಾಳೆಂದುಕೊಂಡೆ.

“ಮೊದಲನೇದು ಎಲ್ಲಿ?”

“ಅಟ್ಟದ ಮೇಲೆ. ಅದು ಸೊಟ್ಟ” ಎಂದರು ದೊಡ್ಡಪ್ಪ.

“ಇಳಿಸಿ. ನಾನೇನು ನೆಟ್ಟಗಿದೀನಾ?”

ಇಳಿಸಿದೆವು. ಮೂರು ತಿಂಗಳು ಹೇರಿದ ಭಾರಕ್ಕೂ ದೋಣಿ ದೋಣಿಯಾಗಿಯೇ ಇತ್ತು. ದೊಡ್ಡಪ್ಪ ಹಿಂದಿನ ಬದಿ ಮೇಲಕ್ಕೆ ಮಾಡಿ ಹಾಕಿದರು. ಅಂಚಿನಲ್ಲಿ ಮುಳ್ಳು ಒಂದು ಸುತ್ತಿಗೊಮ್ಮೆ ಹಾರಿ ಬಿತ್ತು, ಮೊದಲ ಹಾಡು ಚೂರು ಚೂರಾಯಿತು. ದೊಡ್ಡಮ್ಮ ಕೈಯಾಡಿಸಿ, “ಕೊನೇದಕ್ಕೆ ಇಡಿ” ಎಂದಳು. ಕೊನೆಯ ಹಾಡು ಇರುವುದು ಒಳಗೆ, ನಡುವಿನ ಹತ್ತಿರ. ಸೊಟ್ಟವೆಲ್ಲ ಇದ್ದದ್ದು ಹೊರಗಿನ ಅಂಚಿನಲ್ಲಿ. ಒಳಗೆ ರೆಕಾರ್ಡ್ ಮಟ್ಟಸವಾಗಿತ್ತು. ಮುಳ್ಳು ಇಳಿಯಿತು, ಹಾಡು ತೊಡಕಿಲ್ಲದೆ ಹರಿಯಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಿದ್ದೆವು. ಅಳತೆಯಲ್ಲಿ ಬಿದ್ದದ್ದನ್ನು ಕೇಳುವ ಬೆಂಚಿಗೆ ತರದ ನಿಯಮಕ್ಕೆ ನನ್ನದೊಂದು ದೊಡ್ಡ ನಮಸ್ಕಾರ.

ದೊಡ್ಡಮ್ಮ ಸ್ಪೀಕರಿನ ಪೆಟ್ಟಿಗೆಗೆ ಬಲಗಿವಿ ಕೊಟ್ಟು ಬಾಗಿದಳು. ಹುಬ್ಬು ಗಂಟಿಕ್ಕಿತು. ಸಾಕಷ್ಟು ಕೇಳಿಸುತ್ತಿಲ್ಲ. ದೊಡ್ಡಪ್ಪ ಸುತ್ತ ನೋಡಿದರು, ಎದ್ದು ಹೋಗಿ ಮರದ ಕಡ್ಡಿ ತಂದರು. ಒಂದು ತುದಿಯನ್ನು ಪೆಟ್ಟಿಗೆಗೆ ತಾಗಿಸಿ, ಇನ್ನೊಂದನ್ನು ಅವಳ ಕಿವಿಯ ಹಿಂದಿನ ಮೂಳೆಗೆ ಮೆಲ್ಲಗೆ ಒತ್ತಿ ಹಿಡಿದರು. ಅವಳ ಹುಬ್ಬು ಸಡಿಲವಾಯಿತು.

ನಾಯಕಿ ಸಾಲು ಮುಗಿಸಿದಳು. ಟಕ್.

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. “ಇದರಲ್ಲೂ ಇದೆ. ಅಚ್ಚಿಂದೇ ತಪ್ಪು. ಎಲ್ಲದರಲ್ಲೂ—”

“ರೀ, ಅದು ನಾನು.”

ಹಾಡು ಮುಗಿದ ಮೇಲೆ ದೊಡ್ಡಮ್ಮ ಹೇಳಿದಳು. ನಾಲ್ವರಿಗೂ ಒಂದೇ ಮೈಕು. ಅವಳು ಎಲ್ಲರಿಗಿಂತ ಗಿಡ್ಡ, ಮೈಕು ಎಟುಕದೆಂದು ಬಟ್ಟೆಯ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಮೇಲೆ ನಿಲ್ಲಿಸಿದ್ದರು. ಮೇಲಿನ ಸ್ವರಕ್ಕೆ ಉಸಿರೆಳೆದುಕೊಳ್ಳುವಾಗ ಹಿಮ್ಮಡಿ ಎದ್ದು ಪೆಟ್ಟಿಗೆಗೆ ಬಡಿಯಿತು. ಮತ್ತೆ ಮಾಡೋಣ ಎಂದರೆ ಸ್ಟುಡಿಯೋದ ಹೊತ್ತು ಮುಗಿದಿತ್ತು. ಯಾರಿಗೂ ಗೊತ್ತಾಗಲ್ಲ, ಇರಲಿ ಬಿಡಿ ಎಂದರಂತೆ ಅಲ್ಲಿಯವರು.

“ಹಾಡಿರೋ ನಾಲ್ಕು ಜನರಲ್ಲಿ ನನ್ನ ದನಿ ಯಾವುದು ಅಂತ ಆಗ್ಲೂ ನಂಗೆ ಗೊತ್ತಾಗ್ತಿರಲಿಲ್ಲ” ಎಂದಳು. “ಆ ಟಕ್ ಒಂದೇ ನಂದು ಅಂತ ಗೊತ್ತಿದ್ದಿದ್ದು. ಅದಕ್ಕೆ ಅದನ್ನೇ ಕೇಳ್ಬೇಕಿತ್ತು.”

ದೊಡ್ಡಪ್ಪ ಅತ್ತರು. ನಾನು ಅವರು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ನಾಲ್ಕು ಸಲ ಆ ಸದ್ದನ್ನು ಕಿವಿಯಾರೆ ಕೇಳಿ, ನಾಲ್ಕು ಸಲವೂ ಹೊತ್ತುಕೊಂಡು ಹೋಗಿ ಕೊಟ್ಟು ಬಂದಿದ್ದರು. ದೊಡ್ಡಮ್ಮ ಸೆರಗಿನಿಂದ ಅವರ ಕನ್ನಡಕ ಒರೆಸಿಕೊಟ್ಟು, ಮೇಜಿನ ಮೇಲಿದ್ದ ಕವರ್ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದನ್ನೂ ವಾಪಸ್ ಮಾಡ್ತೀರೇನು ಮತ್ತೆ?”

ದೊಡ್ಡಪ್ಪ ಕೆಂಪು ಸ್ಟಿಕ್ಕರಿನ ಮೇಲೆ ಬೆರಳಿಟ್ಟು ತೋರಿಸಿದರು.

“ಇದಕ್ಕೆ ವಾಪಸ್ ಇಲ್ಲ ಕಣೇ” ಎಂದು, ಮುಳ್ಳೆತ್ತಿ ಮತ್ತೆ ಅದೇ ಹಾಡಿಗೆ ಇಟ್ಟರು.